ಹೆಸರಿಲ್ಲದ ಬಿರುಗಾಳಿ, ಹೆಸರಿಟ್ಟ ಚಂಡಮಾರುತ

"ಏನ್ರೀ, ಸಮುದ್ರ ಇರೋದು ಕಾರವಾರದಾಗ. ನಮ್ಮ ನೆಹರು ನಗರದಾಗ ಯಾಕ್ರೀ ಈ ಪರಿ ಗಾಳಿ?" 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ಬೆಳಗಾವಿಯ ವೀಕ್ಷಕರೊಬ್ಬರು ನನಗೆ ಕೇಳಿದ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಆದರೆ ನೆಹರು ನಗರದಿಂದ ಅರಬ್ಬಿ ಸಮುದ್ರ ನೇರವಾಗಿ ನೋಡಿದರೆ ನೂರು ಕಿಲೋಮೀಟರ್ ಆಸುಪಾಸು ಅಷ್ಟೆ. ಚಂಡಮಾರುತದ ಮೋಡದ ಹರವು ಅದಕ್ಕಿಂತ ಎಷ್ಟೋ ದೊಡ್ಡದು. ಅದು ಗುಜರಾತಿಗೆ ಹೊರಟಿದ್ದರೂ ಖಾನಾಪುರದ ಕಾಡಿಗೆ ಮಳೆ ಸುರಿಸಿಯೇ ಮುಂದೆ ಹೋಗುತ್ತೆ.

ನಾವು ದಿನಾ ಓದುವ 'ವಾಯುಭಾರ ಕುಸಿತ' ಅಂದರೇನು? ಸಮುದ್ರದ ನೀರು 26-27 ಡಿಗ್ರಿ ದಾಟಿ ಕಾದಾಗ, ಮೇಲಿನ ತೇವದ ಗಾಳಿ ಹಗುರಾಗಿ ಏರುತ್ತೆ. ಖಾಲಿಯಾದ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗುತ್ತೆ. ಭೂಮಿ ತಿರುಗುವುದರಿಂದ ಆ ಗಾಳಿ ನೇರ ಬಾರದೆ ಸುತ್ತು ಹಾಕುತ್ತೆ. ಏರಿದ ಆವಿ ನೀರಾಗುವಾಗ ಬಿಡುವ ಶಾಖವೇ ಅದಕ್ಕೆ ಇಂಧನ. ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಚಂಡಮಾರುತ, 89 ಮುಟ್ಟಿದರೆ ತೀವ್ರ, 118 ಮುಟ್ಟಿದರೆ ಅತಿ ತೀವ್ರ. 220 ದಾಟಿದರೆ ಸೂಪರ್ ಸೈಕ್ಲೋನ್.

'ಸೈಕ್ಲೋನ್' ಎಂಬ ಪದ ಹುಟ್ಟಿದ್ದು ನಮ್ಮ ಕಲ್ಕತ್ತಾದಲ್ಲೇ. ಅಲ್ಲಿದ್ದ ಇಂಗ್ಲಿಷ್ ನಾವಿಕ ಹೆನ್ರಿ ಪಿಡಿಂಗ್ಟನ್, ಸುರುಳಿ ಸುತ್ತಿದ ಹಾವನ್ನು ನೆನಪಿಸುವ ಗ್ರೀಕ್ ಪದದಿಂದ ಇದನ್ನು ಮಾಡಿ 1848ರಲ್ಲಿ ಪುಸ್ತಕದಲ್ಲಿ ಬಳಸಿದ. ಮಾತ್ಲಾ ನದಿಯ ದಡದಲ್ಲಿ ಬಂದರು ಕಟ್ಟಬೇಡಿ, ಕೊಚ್ಚಿಹೋಗುತ್ತೆ ಎಂದು 1853ರಲ್ಲಿ ಸರ್ಕಾರಕ್ಕೆ ಎಚ್ಚರಿಸಿದ. ಯಾರೂ ಕೇಳಲಿಲ್ಲ. ಪೋರ್ಟ್ ಕ್ಯಾನಿಂಗ್ ಕಟ್ಟಿದರು. 1867ರಲ್ಲಿ ಚಂಡಮಾರುತ ಅದನ್ನು ಹಾಳುಗೆಡವಿತು. ಅದಕ್ಕೂ ಮೊದಲು, 1864ರಲ್ಲಿ, ಕಲ್ಕತ್ತಾ ಚಂಡಮಾರುತಕ್ಕೆ ಹತ್ತಾರು ಸಾವಿರ ಜನ ಬಲಿಯಾಗಿದ್ದರು. ಇಂಥ ಸಾವುಗಳ ನಂತರವೇ 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಿದ್ದು.

ಹೆಸರಿಡುವ ಪದ್ಧತಿ ನಮ್ಮ ಕಡಲುಗಳಿಗೆ ಬಂದದ್ದು 2004ರಲ್ಲಿ. ಎಂಟು ದೇಶಗಳು ಎಂಟೆಂಟು ಹೆಸರು ಕೊಟ್ಟವು. ಮೊದಲನೆಯದು ಬಾಂಗ್ಲಾದೇಶ ಕೊಟ್ಟ ಓನಿಲ್. ಆ 64 ಹೆಸರು 2020ರ ಅಂಫಾನ್‌ಗೆ ಮುಗಿದವು. ಈಗ 13 ದೇಶಗಳ 169 ಹೆಸರುಗಳ ಹೊಸ ಪಟ್ಟಿ ಇದೆ. ತೌಕ್ತೆ ಮ್ಯಾನ್ಮಾರ್ ಕೊಟ್ಟ ಹೆಸರು, ಗಟ್ಟಿಯಾಗಿ ಲೊಚಗುಟ್ಟುವ ಹಲ್ಲಿ ಅಂತ ಅರ್ಥ. ಹೆಸರಿನಲ್ಲಿ ಜಗಳವೂ ಆಗುತ್ತೆ. 2013ರಲ್ಲಿ ಶ್ರೀಲಂಕಾ ಕೊಟ್ಟಿದ್ದ ಹೆಸರು ಮಹಾಸೇನ್. ಕೆರೆ ಕಟ್ಟಿಸಿದ ರಾಜನ ಹೆಸರು ವಿನಾಶಕ್ಕೆ ಯಾಕೆ ಎಂದು ಅಲ್ಲಿನ ಜನರೇ ತಕರಾರು ತೆಗೆದರು, ಹೆಸರು ಬದಲಾಯಿತು.

ಹೆಸರು ಇಟ್ಟರೆ ಜೀವ ಉಳಿಯುತ್ತಾ? ಒಡಿಶಾ ನೋಡಿ. 1999ರ ಸೂಪರ್ ಸೈಕ್ಲೋನ್‌ಗೆ ಹೆಸರಿರಲಿಲ್ಲ, ಸತ್ತವರು ಸುಮಾರು ಹತ್ತು ಸಾವಿರ. 2013ರ ಫೈಲಿನ್‌ಗೆ ಹೆಸರಿತ್ತು, ಸಾವು ನೂರರೊಳಗೇ ನಿಂತಿತು. ಆದರೆ ಉಳಿಸಿದ್ದು ಹೆಸರಲ್ಲ. ಮೊದಲೇ ಎಚ್ಚರಿಕೆ ಮುಟ್ಟಿತ್ತು, ಲಕ್ಷಾಂತರ ಜನರನ್ನು ದಡದಿಂದ ಎಬ್ಬಿಸಿ ಕರೆದೊಯ್ದಿದ್ದರು. ಹೆಸರು ಆ ಎಚ್ಚರಿಕೆಯನ್ನು ನೆನಪಿಡಲು ಸಿಕ್ಕ ಹಿಡಿಕೆ, ಅಷ್ಟೆ.

ಅದಕ್ಕೇ ನಮ್ಮ ಟಿವಿಯವರಿಗೊಂದು ಮಾತು, ನನಗೂ ಸೇರಿಸಿಯೇ. ಚಂಡಮಾರುತದ ಹೆಸರನ್ನು ಸಂಗೀತ ಹಾಕಿ ನೂರು ಸಲ ಕೂಗುವುದು ಸುಲಭ. ಯಾವ ತಾಲೂಕಿಗೆ, ಯಾವತ್ತು, ಎಷ್ಟು ಮಳೆ, ಯಾರು ಮನೆ ಬಿಡಬೇಕು ಎಂದು ಒಂದು ಸಲ ಸರಿಯಾಗಿ ಹೇಳುವುದು ನಮ್ಮ ಕೆಲಸ. ಪಿಡಿಂಗ್ಟನ್ ಹೇಳಿದ್ದ, ಕೇಳಿಸಿಕೊಳ್ಳುವವರು ಇರಲಿಲ್ಲ. ಇವತ್ತು ಕೇಳಿಸಿಕೊಳ್ಳೋಕೆ ನೀವು ಟಿವಿ ಮುಂದೆ ಕೂತಿದ್ದೀರಿ. ಹೇಳಬೇಕಾದವರು ನಾವು.