ಗಂಟೆಯ ಹಗ್ಗ ಎಳೆದ ಮದುಮಗ

ಇಂಗ್ಲೆಂಡಿನ ಲೆಸ್ಟರ್ ಊರಿನ ಸಂತ ಮಾರ್ಟಿನ್ ಚರ್ಚಿನ ಹಳೆಯ ದಫ್ತರದಲ್ಲಿ 1576ರ ಫೆಬ್ರವರಿಯ ಒಂದು ಮದುವೆ ದಾಖಲಾಗಿದೆ. ಮದುಮಗ ಥಾಮಸ್ ಟಿಲ್ಸಿ, ಕಿವುಡ ಮತ್ತು ಮೂಗ. ಮದುಮಗಳು ಅರ್ಸುಲಾ ರಸೆಲ್. ಬಾಯಲ್ಲಿ ಆಡಲಾಗದ ವಚನಗಳನ್ನು ಅವನು ಹೇಗೆ ಕೊಟ್ಟ ಎಂಬುದನ್ನು ದಫ್ತರ ಬರೆದವನು ಒಂದೊಂದಾಗಿ ಗುರುತು ಹಾಕಿಕೊಂಡಿದ್ದಾನೆ. ಅವಳನ್ನು ತೋಳಲ್ಲಿ ಅಪ್ಪಿದ, ಕೈ ಹಿಡಿದ, ಬೆರಳಿಗೆ ಉಂಗುರ ತೊಡಿಸಿದ, ಕೈಯನ್ನು ಎದೆಯ ಮೇಲಿಟ್ಟು ಆಮೇಲೆ ಆಕಾಶಕ್ಕೆತ್ತಿದ. ಸಾಯುವ ತನಕ ಜೊತೆಗಿರುತ್ತೇನೆ ಎನ್ನಲು ಕೈಗಳಿಂದ ಕಣ್ಣು ಮುಚ್ಚಿಕೊಂಡ, ಕಾಲಿನಿಂದ ಮಣ್ಣು ಅಗೆದು ತೋರಿಸಿದ, ಕೊನೆಗೆ ಚರ್ಚಿನ ಗಂಟೆ ಬಾರಿಸುವವನಂತೆ ಹಗ್ಗ ಎಳೆದ. ಆ ಗಂಟೆಯ ಸದ್ದು ಅವನಿಗೆ ತಿಳಿಯದು, ಆದರೆ ಊರಲ್ಲಿ ಯಾರಾದರೂ ಸತ್ತಾಗ ಹಗ್ಗ ಹೇಗೆ ಜಗ್ಗುತ್ತದೆ ಎಂಬುದನ್ನು ಕಂಡಿದ್ದನಲ್ಲ!

ಹೀಗೆ ಸನ್ನೆಯಲ್ಲಿ ಮದುವೆಯಾಗಲು ಅಡ್ಡಿಯಿಲ್ಲ ಎಂದು ಪೋಪ್ ಮೂರನೆಯ ಇನ್ನೊಸೆಂಟ್ 1198ರಲ್ಲೇ ತೀರ್ಪು ಕೊಟ್ಟಿದ್ದ. ಮದುವೆಗೆ ಇದ್ದ ಈ ಔದಾರ್ಯ ಉಪದೇಶಕ್ಕೆ, ಯಾಜಕತ್ವಕ್ಕೆ ಬರಲು ಶತಮಾನಗಳೇ ಹಿಡಿದವು. ಕಿವುಡರ ನಡುವಿನ ಚರ್ಚುಸೇವೆಯ ಚರಿತ್ರೆಯನ್ನು ದಯೆಯ ಕಥೆಯಾಗಿ ಹೇಳುವುದು ವಾಡಿಕೆ. ನನಗೆ ಅದು ಪೀಠದ ಮೇಲೆ ಯಾರ ಕೈ ಆಡುತ್ತದೆ ಎಂಬ ಜಗ್ಗಾಟದ ಕಥೆಯಾಗಿ ಕಾಣುತ್ತದೆ.

ತೊಡಕು ಶುರುವಾದದ್ದು ಒಂದು ವಾಕ್ಯದಿಂದ. ವಿಶ್ವಾಸ ಹುಟ್ಟುವುದು ಕೇಳುವಿಕೆಯಿಂದ ಎಂದು ಪೌಲ ರೋಮಿನವರಿಗೆ ಬರೆದ. ಹುಟ್ಟುಕಿವುಡುತನ ವಿಶ್ವಾಸಕ್ಕೇ ಅಡ್ಡಿ ಎಂದು ಸಂತ ಅಗಸ್ಟೀನ್ ಒಂದೆಡೆ ಅದನ್ನು ಎಳೆದ. ಅಷ್ಟನ್ನೇ ಹಿಡಿದುಕೊಂಡವರು ಬಹಳ. ಕಿವುಡರು ಸನ್ನೆಗಳಲ್ಲಿ ಪ್ರಶ್ನೆ ಕೇಳುತ್ತಾರೆ, ಉತ್ತರ ಕೊಡುತ್ತಾರೆ, ತಮಗೆ ಬೇಕಾದುದನ್ನೆಲ್ಲ ಹೆಚ್ಚುಕಡಿಮೆ ಹೇಳಿಕೊಳ್ಳುತ್ತಾರೆ ಎಂದು ಮಗನೊಡನೆ ನಡೆಸಿದ ಸಂವಾದದಲ್ಲಿ ಅದೇ ಅಗಸ್ಟೀನ್ ಒಪ್ಪಿದ್ದು ಅಷ್ಟಾಗಿ ಯಾರ ನೆನಪಿನಲ್ಲೂ ಉಳಿಯಲಿಲ್ಲ. ಬೈಬಲಿನಲ್ಲಿ ಹೆಚ್ಚು ಪ್ರಚಾರ ಪಡೆದದ್ದೂ ಯೇಸು 'ಎಫ್ಫಥಾ' ಎಂದು ಕಿವುಡನ ಕಿವಿ ತೆರೆದ ಪ್ರಸಂಗವೇ. ಮಾತು ನಿಂತುಹೋದ ಜಕರೀಯನನ್ನು ನೆಂಟರಿಷ್ಟರು ಕೈಸನ್ನೆಯಿಂದಲೇ ವಿಚಾರಿಸಿದ ಲೂಕನ ಪ್ರಸಂಗ ಹಿಂದೆ ಬಿತ್ತು. ಗುಣವಾಗುವುದು ಬೇಕಾಗಿತ್ತು, ಮಾತುಕತೆ ಬೇಕಾಗಿರಲಿಲ್ಲ.

ಹದಿನಾರನೆಯ ಶತಮಾನದಲ್ಲಿ ಸ್ಪೇನಿನ ಓನ್ಯಾ ಮಠದ ಪೇದ್ರೋ ಪೋನ್ಸೆ ದ ಲೆಯೋನ್ ಎಂಬ ಬೆನೆಡಿಕ್ಟೈನ್ ಸನ್ಯಾಸಿ ಸಿರಿವಂತ ಮನೆತನಗಳ ಕಿವುಡ ಮಕ್ಕಳಿಗೆ ಓದುಬರಹ ಕಲಿಸಿದ. ಮೌನವ್ರತದ ಆ ಮಠಗಳಲ್ಲಿ ಸನ್ಯಾಸಿಗಳೇ ಊಟದ ಹೊತ್ತಿಗೆ ಕೈಸನ್ನೆ ಬಳಸುತ್ತಿದ್ದರು. ಆದರೆ ಅವನ ವಿದ್ಯೆ ಶ್ರೀಮಂತರ ಅಂಗಳ ದಾಟಲಿಲ್ಲ.

ದಾಟಿಸಿದವನು ಪ್ಯಾರಿಸಿನ ಶಾರ್ಲ್ ಮಿಶೆಲ್ ದ ಲೆಪೇ. 1712ರಲ್ಲಿ ವರ್ಸೈನಲ್ಲಿ ಹುಟ್ಟಿದ ಈ ಪಾದ್ರಿ ಜಾನ್ಸೆನಿಸ್ಟ್ ಎಂಬ ವಿವಾದಿತ ಕ್ಯಾಥೊಲಿಕ್ ಪಂಥದ ಕಡೆಗಿನ ಒಲವಿನ ಕಾರಣ ಮೇಲಿನವರ ಅವಕೃಪೆಗೆ ಸಿಕ್ಕಿದ್ದ. ಒಮ್ಮೆ ಇಬ್ಬರು ಕಿವುಡ ಅಕ್ಕತಂಗಿಯರ ಪರಿಚಯವಾಯಿತು. ಅವರಿಗೆ ಚಿತ್ರ ತೋರಿಸಿ ಪಾಠ ಹೇಳುತ್ತಿದ್ದ ಪಾದ್ರಿ ತೀರಿಕೊಂಡಿದ್ದರು. ಈ ಹುಡುಗಿಯರು ದೇವರನ್ನು ತಿಳಿಯದೆಯೇ ಸಾಯುತ್ತಾರಲ್ಲ ಎಂಬ ತಳಮಳದಿಂದ ಅವನು ಪಾಠ ಮುಂದುವರಿಸಿದ. 1760ರ ಹೊತ್ತಿಗೆ ಅದು ಬಡವ ಬಲ್ಲಿದರೆನ್ನದೆ ಎಲ್ಲ ಕಿವುಡ ಮಕ್ಕಳಿಗೂ ತೆರೆದ ಶಾಲೆಯಾಗಿತ್ತು. ಅವನ ದೊಡ್ಡತನ ಇರುವುದು ಸನ್ನೆಯನ್ನು ಅವನೇ ಕಂಡುಹಿಡಿದ ಎಂಬ ಕಟ್ಟುಕಥೆಯಲ್ಲಲ್ಲ. ಪ್ಯಾರಿಸಿನ ಕಿವುಡರು ಶಾಲೆಯ ಹಂಗಿಲ್ಲದೆ ತಮ್ಮೊಳಗೆ ಸೊಗಸಾಗಿ ಮಾತಾಡಿಕೊಳ್ಳುತ್ತಿದ್ದರು ಎಂದು ಪಿಯೆರ್ ದೆಲೋಜ್ ಎಂಬ ಕಿವುಡ ಪುಸ್ತಕ ಕಟ್ಟುವವನು 1779ರಲ್ಲಿ ಪುಸ್ತಕವನ್ನೇ ಬರೆದಿದ್ದಾನೆ. ಲೆಪೇ ಮಾಡಿದ್ದು ಆ ಮಕ್ಕಳ ಸನ್ನೆಗಳನ್ನು ತಾನೇ ಕಲಿಯಲು ಕುಳಿತದ್ದು. ಅವುಗಳ ಮೇಲೆ ಫ್ರೆಂಚ್ ವ್ಯಾಕರಣದ ಲಿಂಗ, ಕಾಲಗಳನ್ನೆಲ್ಲ ಹೇರಿ ಭಾರ ಮಾಡಿದ ಎಂಬ ದೂರು ನ್ಯಾಯವೇ. ಆದರೂ ಮೇಷ್ಟ್ರು ಮಕ್ಕಳ ಭಾಷೆಗೆ ಬಂದದ್ದು ಅಲ್ಲಿ.

ಆ ಶಾಲೆಯಲ್ಲಿ ಕಲಿತು ಅಲ್ಲಿಯೇ ಮೇಷ್ಟ್ರಾದ ಕಿವುಡ ಲೊರಾನ್ ಕ್ಲೆರ್ ಅವರನ್ನು ಅಮೆರಿಕದ ಥಾಮಸ್ ಹಾಪ್ಕಿನ್ಸ್ ಗ್ಯಾಲಡೆಟ್ ಎಂಬ ಪ್ರಾಟೆಸ್ಟೆಂಟ್ ಬೋಧಕ 1816ರಲ್ಲಿ ಹಡಗು ಹತ್ತಿಸಿದ. ದಾರಿಯುದ್ದಕ್ಕೂ ಒಬ್ಬರಿಗೆ ಸನ್ನೆಯ ಪಾಠ, ಇನ್ನೊಬ್ಬರಿಗೆ ಇಂಗ್ಲಿಷ್ ಪಾಠ. ಕ್ಲೆರ್ ಕ್ಯಾಥೊಲಿಕ್. ತನ್ನ ಮತಕ್ಕೆ ವಿರುದ್ಧವಾದುದನ್ನು ತಾನು ಬೋಧಿಸಬೇಕಾಗಿಲ್ಲ ಎಂದು ಕರಾರುಪತ್ರದಲ್ಲೇ ಬರೆಸಿಕೊಂಡಿದ್ದ ಗಟ್ಟಿಗ. 1817ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಕಿವುಡರ ಶಾಲೆ ತೆರೆಯಿತು. ಗ್ಯಾಲಡೆಟ್ ಮದುವೆಯಾದದ್ದು ಸೋಫಿಯಾ ಫೌಲರ್ ಎಂಬ ಕಿವುಡ ವಿದ್ಯಾರ್ಥಿನಿಯನ್ನು. ಅವರ ಹಿರಿಮಗನಿಗೆ ಸನ್ನೆ ಮನೆಮಾತು, ತಾಯ್ನುಡಿ. ಎಪಿಸ್ಕೋಪಲ್ ಪಾದ್ರಿಯಾದ ಆ ಮಗ 1852ರಲ್ಲಿ ನ್ಯೂಯಾರ್ಕಿನಲ್ಲಿ ಸಂತ ಆ್ಯನ್ ಚರ್ಚನ್ನು ಕಿವುಡರಿಗಾಗಿ ಕಟ್ಟಿದ. ಶಾಲೆ ಮುಗಿಸಿದ ಕಿವುಡರು ಭಾನುವಾರ ಎಲ್ಲಿಗೆ ಹೋಗಬೇಕು ಎಂಬ ಸರಳ ಪ್ರಶ್ನೆಗೆ ಅದು ಉತ್ತರ.

ಆ ಮಗನ ಪ್ರೋತ್ಸಾಹದಿಂದಲೇ ಹೆನ್ರಿ ವಿಂಟರ್ ಸೈಲ್ ಯಾಜಕನಾದ. ಮಿಷನರಿ ತಂದೆತಾಯಿಗೆ ಶಾಂಘೈಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿ ಜ್ವರಕ್ಕೆ ಕಿವಿ ಕಳೆದುಕೊಂಡ ಸೈಲ್ 1876ರಲ್ಲಿ ಉಪಯಾಜಕನಾಗಿ, 1883ರಲ್ಲಿ ಯಾಜಕನಾಗಿ ದೀಕ್ಷೆ ಪಡೆದ. ಬಾಯಿಂದ ಮಂತ್ರ ಹೊರಡದೆ ಸಂಸ್ಕಾರ ಸಲ್ಲುತ್ತದೆಯೇ ಎಂದು ಆಕ್ಷೇಪಿಸಿದವರು ಇದ್ದೇ ಇದ್ದರು. ಇಂಗ್ಲೆಂಡಿನಲ್ಲಿ 1885ರಲ್ಲಿ ರಿಚರ್ಡ್ ಆಸ್ಲಟ್ ಪಿಯರ್ಸ್ ಆಂಗ್ಲಿಕನ್ ದೀಕ್ಷೆ ಪಡೆದ ಮೊದಲ ಕಿವುಡನಾದ. ಅದಕ್ಕೂ ಮುಂಚೆಯೇ, 1870ರ ದಶಕದಲ್ಲಿ, ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯಲ್ಲಿ ಕಿವುಡರಿಗೆಂದೇ ಸಂತ ಸೇವಿಯರ್ ಚರ್ಚು ಎದ್ದಿತ್ತು.

ಇಷ್ಟಾಗುವಾಗಲೇ ಗಾಳಿ ತಿರುಗಿತು. 1880ರ ಸೆಪ್ಟೆಂಬರಿನಲ್ಲಿ ಮಿಲಾನಿನಲ್ಲಿ ಸೇರಿದ ಶಿಕ್ಷಕರ ಸಮಾವೇಶ ಕಿವುಡ ಮಕ್ಕಳಿಗೆ ಸನ್ನೆ ಬೇಡ, ತುಟಿ ಓದಿ ಬಾಯಲ್ಲಿ ಮಾತಾಡುವುದನ್ನೇ ಕಲಿಸಬೇಕು ಎಂದು ಠರಾವು ಹೊರಡಿಸಿತು. 164 ಪ್ರತಿನಿಧಿಗಳಲ್ಲಿ ಕಿವುಡ ಒಬ್ಬನೇ ಒಬ್ಬ. ಅಧ್ಯಕ್ಷತೆ ವಹಿಸಿದ್ದ ಜೂಲಿಯೋ ತಾರ್ರಾ ಪಾದ್ರಿ ಎಂಬುದನ್ನು ಚರ್ಚಿನ ಚರಿತ್ರೆ ಬರೆಯುವವರು ಮೆಲ್ಲಗೆ ದಾಟಿಸುತ್ತಾರೆ. ಅಲ್ಲಿಂದ ಮುಂದೆ ಸನ್ನೆ ಮಾಡಿದ ಮಕ್ಕಳ ಬೆರಳಿಗೆ ಪೆಟ್ಟು, ಬೆನ್ನ ಹಿಂದೆ ಕಟ್ಟಿದ ಕೈ. ಆ ಠರಾವುಗಳಿಗೆ ಅದೇ ಸಮಾವೇಶ ಪರಂಪರೆಯ ಉತ್ತರಾಧಿಕಾರಿಗಳು ವಿಷಾದ ಹೇಳಿದ್ದು 2010ರಲ್ಲಿ, ವ್ಯಾಂಕೂವರಿನಲ್ಲಿ. 130 ವರ್ಷ ತಡವಾಗಿ.

ವಿಚಿತ್ರವೆಂದರೆ, ವಾರವಿಡೀ ತರಗತಿಯಲ್ಲಿ ನಿಷಿದ್ಧವಾದ ಸನ್ನೆ ಭಾನುವಾರ ಚರ್ಚಿನ ಸಭಾಂಗಣದಲ್ಲಿ ಬದುಕಿತ್ತು. ಬ್ರಿಟನ್ನಿನ ಊರೂರಲ್ಲಿ ಕಿವುಡರ ಮಿಷನ್‌ಗಳಿದ್ದವು. ಅಲ್ಲಿನ 'ಮಿಷನರ್' ಎಂಬಾತ ಪ್ರಾರ್ಥನೆ ನಡೆಸುವವನು, ಕೆಲಸ ಕೊಡಿಸುವವನು, ಆಸ್ಪತ್ರೆ ಮತ್ತು ಕೋರ್ಟಿನಲ್ಲಿ ದುಭಾಷಿ, ಜಗಳದಲ್ಲಿ ಪಂಚ. ಹಲವರು ಕಿವುಡ ತಂದೆತಾಯಿಯ ಮಕ್ಕಳು, ಭಾಷೆ ಹಾಲಿನೊಡನೆ ಬಂದಿತ್ತು. ಪ್ರಾರ್ಥನೆ ಮುಗಿದ ಮೇಲಿನ ಚಹಾ, ಬಿಲಿಯರ್ಡ್ಸ್, ಹರಟೆಗೇ ಬಂದವರು ಎಷ್ಟೋ! ಅದರಲ್ಲಿ ತಪ್ಪೇನಿದೆ? ವಾರದ ಆರು ದಿನ ತುಟಿಗಳನ್ನು ದಿಟ್ಟಿಸಿ ದಣಿದವರಿಗೆ ಏಳನೆಯ ದಿನ ಕೈಬಿಚ್ಚಿ ಮಾತಾಡುವ ಜಾಗ ಬೇಕಿತ್ತು. ಆದರೆ ಒಬ್ಬನ ಕೈಯಲ್ಲೇ ಇಷ್ಟೆಲ್ಲ ಇದ್ದರೆ ಊರಿನ ಕಿವುಡರು ಅವನ ಮಕ್ಕಳಂತಾಗುತ್ತಾರೆ ಎಂಬ ಮಾತೂ ಇದೆ. 1948ರ ರಾಷ್ಟ್ರೀಯ ನೆರವು ಕಾಯಿದೆಯ ನಂತರ ಕ್ರಮೇಣ ಈ ಕೆಲಸಗಳು ಸರ್ಕಾರಿ ಸಮಾಜಸೇವಕರ ಪಾಲಾದವು, ಮಿಷನ್‌ಗಳು ಸೊರಗಿದವು.

1960ರಲ್ಲಿ ಭಾಷಾವಿಜ್ಞಾನಿ ವಿಲಿಯಂ ಸ್ಟೋಕಿ ಅಮೆರಿಕದ ಸನ್ನೆಗೂ ತನ್ನದೇ ವ್ಯಾಕರಣದ ಕಟ್ಟಿದೆ, ಅದು ಪೂರ್ಣ ಭಾಷೆ ಎಂದು ತೋರಿಸಿದರು. ಎರಡನೆಯ ವ್ಯಾಟಿಕನ್ ಮಹಾಸಭೆ ಮುಗಿಯುವ ಹೊತ್ತಿಗೆ, 1965ರ ಡಿಸೆಂಬರಿನಲ್ಲಿ, ಕ್ಯಾಥೊಲಿಕರ ಪೂಜಾವಿಧಿಯಲ್ಲಿ ಸನ್ನೆ ಭಾಷೆಗೆ ಒಪ್ಪಿಗೆ ಸಿಕ್ಕಿತು. ಲ್ಯಾಟಿನ್ ಬಿಟ್ಟು ಕನ್ನಡ ಬಲಿಪೀಠಕ್ಕೆ ಬಂದದ್ದೂ ಇದೇ ಕಾಲದಲ್ಲಿ. 1970ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಸಿರಿಲ್ ಆ್ಯಕ್ಸೆಲ್‌ರಾಡ್ ಗುರುದೀಕ್ಷೆ ಪಡೆದರು. ಯಹೂದಿ ಮನೆಯಲ್ಲಿ ಕಿವುಡರಾಗಿ ಹುಟ್ಟಿ ಕ್ಯಾಥೊಲಿಕರಾದವರು. ಮುಂದೆ ದೃಷ್ಟಿಯೂ ಹೋದಾಗ ಕೈಯೊಳಗೆ ಕೈಯಿಟ್ಟು ಮುಟ್ಟಿ ತಿಳಿಯುವ ಸನ್ನೆಯಲ್ಲಿ ಸೇವೆ ಮುಂದುವರಿಸಿದರು. 1977ರಲ್ಲಿ ಅಮೆರಿಕದ ಥಾಮಸ್ ಕೊಗ್ಲಿನ್, 2007ರಲ್ಲಿ ಕೊರಿಯದ ಪಾರ್ಕ್ ಮಿನ್ ಸೊ ಗುರುಗಳಾದರು. ಏಷ್ಯಾದ ಮೊದಲ ಕಿವುಡ ಕ್ಯಾಥೊಲಿಕ್ ಗುರು ಪಾರ್ಕ್.

ಆಫ್ರಿಕದ ಕಥೆ ಬೇರೆ ಲೇಖನವನ್ನೇ ಬೇಡುತ್ತದೆ. ಅಲಬಾಮಾದ ಕಪ್ಪು ಹುಡುಗ ಆ್ಯಂಡ್ರೂ ಫಾಸ್ಟರ್ ಹನ್ನೊಂದರ ಪ್ರಾಯದಲ್ಲಿ ಮಿದುಳು ಜ್ವರದಿಂದ ಕಿವುಡನಾದ. 1954ರಲ್ಲಿ ಅಮೆರಿಕದ ಕಿವುಡರ ಗ್ಯಾಲಡೆಟ್ ಕಾಲೇಜಿನ ಮೊದಲ ಕಪ್ಪು ಪದವೀಧರನಾಗಿ, 1957ರಲ್ಲಿ ಘಾನಾದ ಅಕ್ರಾದಲ್ಲಿ ಶಾಲೆ ತೆರೆದ. 1987ರಲ್ಲಿ ರುವಾಂಡಾದ ವಿಮಾನ ಅಪಘಾತದಲ್ಲಿ ತೀರಿಕೊಳ್ಳುವ ಹೊತ್ತಿಗೆ 13 ದೇಶಗಳಲ್ಲಿ ಮೂವತ್ತಕ್ಕೂ ಮಿಕ್ಕಿ ಶಾಲೆಗಳಿದ್ದವು. ಶಾಲೆಗೊಂದು ಭಾನುವಾರದ ಬೈಬಲ್ ತರಗತಿ. ಅವನ ಜೊತೆ ಬಂದ ಅಮೆರಿಕದ ಸನ್ನೆ ಅಲ್ಲಲ್ಲಿನ ಊರ ಸನ್ನೆಗಳನ್ನು ಬದಿಗೊತ್ತಿತು ಎಂಬುದೂ ನಿಜ.

ನಮ್ಮ ದೇಶದಲ್ಲಿ ದಾರಿ ಶಾಲೆಯಿಂದಲೇ. 1880ರ ದಶಕದಲ್ಲಿ ಬಿಷಪ್ ಲಿಯೋ ಮ್ಯೂರಿನ್ ಮುಂಬೈಯಲ್ಲಿ, 1890ರ ದಶಕದಲ್ಲಿ ಫ್ಲಾರೆನ್ಸ್ ಸ್ವೇನ್ಸನ್ ಪಾಳಯಂಕೋಟೆಯಲ್ಲಿ ಕಿವುಡ ಮಕ್ಕಳ ಶಾಲೆ ತೆರೆದರು. ಮೈಸೂರಿನಲ್ಲಿ 1901ರ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಮಿಷನರಿಗಳದ್ದಲ್ಲ, ಸಂಸ್ಥಾನದ ಕಾಲದ್ದು. ಮಿಷನ್ ಶಾಲೆಗಳಲ್ಲಿ ಕಲಿತ ಕಿವುಡರು ಹಾಸ್ಟೆಲಿನಲ್ಲಿ, ಆಟದ ಬಯಲಿನಲ್ಲಿ ಸನ್ನೆ ಬೆಳೆಸಿದರು. ತರಗತಿಯಲ್ಲಿ ಮಾತ್ರ ಬಾಯಿಮಾತಿನದೇ ಆಳ್ವಿಕೆ. ಮದನ್ ವಸಿಷ್ಠ ಮತ್ತು ಸಂಗಡಿಗರು 1970ರ ದಶಕದ ಕೊನೆಗೆ ಅಧ್ಯಯನ ಕೈಗೊಂಡು ದೆಹಲಿ, ಮುಂಬೈ, ಕೋಲ್ಕತ್ತಗಳ ಜೊತೆ ಬೆಂಗಳೂರಿನ ಸನ್ನೆಗಳನ್ನೂ ಪುಸ್ತಕಕ್ಕೆ ಇಳಿಸಿದ ಮೇಲೆ ನಮ್ಮಲ್ಲೂ ಅದು ಭಾಷೆ ಎಂಬ ಮಾತಿಗೆ ಆಧಾರ ಸಿಕ್ಕಿತು. 2011ರ ಜನಗಣತಿಯಲ್ಲಿ ಕೇಳ್ವೆಯ ತೊಂದರೆ ಇರುವವರು ಸುಮಾರು 50 ಲಕ್ಷ. ಭಾರತೀಯ ಸನ್ನೆ ಭಾಷೆಯ ಸರ್ಕಾರಿ ಕೇಂದ್ರ ಬಂದದ್ದು 2015ರಲ್ಲಿ, ಅದರ ನಿಘಂಟು 10,000 ಪದ ಮುಟ್ಟಿದ್ದು 2021ರಲ್ಲಿ.

ನಿಘಂಟು ಇದ್ದಮಾತ್ರಕ್ಕೆ ಭಾನುವಾರದ ಸೇವೆ ನಡೆಯುವುದಿಲ್ಲ. ಚರ್ಚಿನಲ್ಲಿ ದುಭಾಷಿಯಾಗಿ ನಿಲ್ಲುವವರ ಪಾಡು ನೋಡಿ. ಬೋಧಕರ ಮಗ್ಗುಲಲ್ಲೇ ನಿಲ್ಲಬೇಕು, ಇಬ್ಬರೂ ಒಂದೇ ನೋಟಕ್ಕೆ ಸಿಗಬೇಕು. ಬೆನ್ನಿಗೆ ಕಿಟಕಿಯ ಬೆಳಕು ಬಿದ್ದರೆ ಮುಖ ಕಪ್ಪಾಗುತ್ತದೆ, ಸನ್ನೆಯ ವ್ಯಾಕರಣದಲ್ಲಿ ಅರ್ಧ ಮುಖದಲ್ಲೇ ಇದೆ. ಹೂವಿನ ಸೀರೆ, ಚೌಕಳಿ ಅಂಗಿ ಬೇಡ, ಕೈ ಎದ್ದು ಕಾಣುವ ಒಂದೇ ಬಣ್ಣದ ಬಟ್ಟೆ ಬೇಕು. ಕ್ರಿಸ್ಮಸ್ ರಾತ್ರಿ ದೀಪವಾರಿಸಿ ಮೇಣದಬತ್ತಿ ಹಿಡಿದರೆ ಎಲ್ಲರಿಗೂ ಭಕ್ತಿ, ಕಿವುಡರಿಗೆ ಕತ್ತಲೆ. ಕೈಯಲ್ಲಿ ಬತ್ತಿ ಹಿಡಿದವರು ಮಾತಾಡುವುದಾದರೂ ಹೇಗೆ? ಕಣ್ಣು ಮುಚ್ಚಿ ಪ್ರಾರ್ಥಿಸೋಣ ಎಂದು ಬೋಧಕರು ಹೇಳಿದೊಡನೆ ಅವರ ಪಾಲಿಗೆ ಪ್ರಾರ್ಥನೆ ಮುಗಿಯಿತು. ಪಾಪನಿವೇದನೆಯ ಗೂಡಿನ ಕತ್ತಲೆಯೂ ಜಾಲರಿಯೂ ಹಾಗೆಯೇ. 1983ರ ಧರ್ಮಸಂಹಿತೆ ಅಲ್ಲಿ ದುಭಾಷಿಗೆ ಅವಕಾಶ ಕೊಟ್ಟು, ಆತನನ್ನೂ ಗುಟ್ಟಿಗೆ ಕಟ್ಟುಹಾಕಿದೆ. ಅಷ್ಟಾದರೂ ಮೂರನೆಯವರ ಮುಂದೆ ತನ್ನ ಪಾಪ ಬಿಚ್ಚಿಡಲು ಯಾರಿಗೆ ಇಷ್ಟ?

ಇನ್ನು ಭಾಷೆಯ ಗಂಟು. ಮುದ್ರಿತ ಪ್ರಾರ್ಥನೆ ಪುಸ್ತಕ ಕೊಟ್ಟರಾಯಿತು ಎಂದು ಹಲವರ ಎಣಿಕೆ. ಕನ್ನಡ ಮನೆಯಲ್ಲಿ ಹುಟ್ಟಿದ ಕಿವುಡ ಮಗುವಿಗೂ ಕನ್ನಡ ಎರಡನೆಯ ಭಾಷೆ. ಎಂದೂ ಕಿವಿಗೆ ಬೀಳದ ವಿಭಕ್ತಿ ಪ್ರತ್ಯಯಗಳನ್ನು ಕಣ್ಣಿಂದಲೇ ಕಲಿಯಬೇಕು. 'ವಾಕ್ಯವೆಂಬುವವನು ಮನುಷ್ಯನಾದನು' ಎಂಬಂಥ ಕಡೆ ಬೆರಳುಗಳು ಏನು ಮಾಡಬೇಕು? ಪದಕ್ಕೆ ಪದ ಇಟ್ಟರೆ ಪೆದ್ದಾಗುತ್ತದೆ. ಯೇಸುವಿಗೆ ಮಾತ್ರ ಅಮೆರಿಕವೂ ಸೇರಿ ಹಲವು ದೇಶಗಳಲ್ಲಿ ಒಂದೇ ಸನ್ನೆ: ನಡುಬೆರಳಿಂದ ಅಂಗೈಗಳ ಮೊಳೆಗಾಯ ಮುಟ್ಟಿ ತೋರಿಸುವುದು. ಅಮೆರಿಕದ 'ಡೆಫ್ ಮಿಷನ್ಸ್' ಸಂಸ್ಥೆ ಇಡೀ ಬೈಬಲನ್ನು ಅಲ್ಲಿನ ಸನ್ನೆ ಭಾಷೆಯ ವಿಡಿಯೊಗೆ ತಂದು ಮುಗಿಸಿದ್ದು 2020ರಲ್ಲಿ. ಸುಮಾರು ನಾಲ್ಕು ದಶಕದ ಕೆಲಸ. ಬರಹದಲ್ಲಿ ಒಂದು ಪದ ಹೊಡೆದುಹಾಕಿ ತಿದ್ದಬಹುದು. ಇಲ್ಲಿ ಒಂದು ಕೈ ತಪ್ಪಿದರೆ ಆ ಭಾಗವನ್ನೇ ಮತ್ತೆ ಚಿತ್ರೀಕರಿಸಬೇಕು.

ದುಭಾಷಿಗಳು ಎಷ್ಟೇ ನುರಿತವರಿರಲಿ, ಅವರ ಮೂಲಕ ಬರುವುದು ಕೇಳುವವರ ಪ್ರಸಂಗ, ಕೇಳುವವರ ಹಾಡು, ಕೇಳುವವರ ಹಾಸ್ಯ. ಸ್ವತಃ ಕಿವುಡರಾದ ಆಂಗ್ಲಿಕನ್ ಯಾಜಕಿ ಹ್ಯಾನಾ ಲೂಯಿಸ್ 2007ರ ತಮ್ಮ ಪುಸ್ತಕದಲ್ಲಿ ಕಿವುಡರ ವಿಮೋಚನಾ ದೇವಶಾಸ್ತ್ರದ ಮಾತೆತ್ತಿದ್ದು ಈ ಇಕ್ಕಟ್ಟಿನಿಂದಲೇ. ಕಿವಿ ತೆರೆಸಿಕೊಳ್ಳುವ ಕಾಯಿಲೆಯವರಾಗಿ ಅಲ್ಲ, ಭಾಷೆಯುಳ್ಳ ಒಂದು ಜನವಾಗಿ ಬೈಬಲ್ ಓದಿದರೆ ಏನು ಕಾಣುತ್ತದೆ ಎಂಬುದು ಅದರ ಪ್ರಶ್ನೆ.

2024ರ ಮೇ 2ರಂದು ಕೇರಳದ ತ್ರಿಶೂರಿನ ವ್ಯಾಕುಲ ಮಾತೆಯ ಬೆಸಿಲಿಕದಲ್ಲಿ ಹೋಲಿ ಕ್ರಾಸ್ ಸಭೆಯ ಜೋಸೆಫ್ ತೇರ್ಮಡಂ ಗುರುದೀಕ್ಷೆ ಪಡೆದರು. ಭಾರತದ ಮೊದಲ ಕಿವುಡ ಕ್ಯಾಥೊಲಿಕ್ ಗುರು. ಅವರು ಸನ್ನೆಯಲ್ಲಿ ಬಲಿಪೂಜೆ ಅರ್ಪಿಸುವಾಗ ಪಾಪನಿವೇದನೆಗೆ ಮೂರನೆಯವರು ಬೇಕಿಲ್ಲ, ಪ್ರಸಂಗಕ್ಕೆ ನೆರಳಾಗಿ ಇನ್ನೊಬ್ಬರು ನಿಲ್ಲಬೇಕಿಲ್ಲ. ಕಿವುಡ ಮಗನನ್ನೋ ಮಗಳನ್ನೋ ಕರೆತಂದ ಅಪ್ಪ ಅಮ್ಮ, ಸನ್ನೆ ತಿಳಿಯದ ಅಜ್ಜಿ ಹಿಂದಿನ ಬೆಂಚಿನಲ್ಲಿ ಕೂತಿದ್ದರೆ, ಅಂಥವರಿಗಾಗಿ ಮಗ್ಗುಲಲ್ಲಿ ಯಾರಾದರೂ ನಿಂತು ಮೈಕಿನಲ್ಲಿ ದನಿ ಕೊಡಬೇಕಾಗುತ್ತದೆ.