ಮೂರು ಪ್ಲೇಟುಗಳ ಲೆಕ್ಕ

ಒಂದು ಸ್ಕೇಲು ನೇರವಾಗಿದೆಯೇ ಎಂದು ತಿಳಿಯಲು ಇನ್ನೊಂದು ಸ್ಕೇಲಿಗೆ ಹಿಡಿದು ನೋಡುತ್ತೇವೆ. ಆ ಇನ್ನೊಂದನ್ನು ಮತ್ತೊಂದಕ್ಕೆ. ಹೀಗೇ ಹಿಂದೆ ಹೋಗುತ್ತಾ ಹೋದರೆ ಎಲ್ಲೋ ಒಂದು ಕಡೆ ಮೊಟ್ಟಮೊದಲ ಸಪಾಟಾದ ಕಬ್ಬಿಣದ ಮೈ ಸಿಗಬೇಕಲ್ಲ? ಅದನ್ನು ಯಾವುದರ ಮೇಲಿಟ್ಟು ಪರೀಕ್ಷೆ ಮಾಡಿದರು? ಎಂ.ಟೆಕ್ ಮುಗಿಸುವವರೆಗೂ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಪುಣೆಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಹಳೆಯದೊಂದು ಲೇತ್ ತಂದಿಟ್ಟುಕೊಂಡು, ಅದರ ಸವೆದ ಬೆಡ್ಡನ್ನು ಸರಿಮಾಡಿಸಲು ಹೊರಟಾಗ ಅದು ಎದುರಾಯಿತು.

ಉತ್ತರ ಸಿಗುವುದು ಲಂಡನ್ನಿನ ಲ್ಯಾಂಬೆತ್‌ನಲ್ಲಿದ್ದ ಹೆನ್ರಿ ಮಾಡ್ಸ್ಲಿಯ ಕಾರ್ಖಾನೆಯಲ್ಲಿ. ಮಾಡ್ಸ್ಲಿ (1771-1831) ಹನ್ನೆರಡನೆಯ ವಯಸ್ಸಿಗೇ ವುಲಿಚ್‌ನ ಶಸ್ತ್ರಾಗಾರದಲ್ಲಿ ಕೂಲಿಗೆ ಸೇರಿದವನು. 1800ರ ಆಸುಪಾಸಿನಲ್ಲಿ ಆತ ಕಟ್ಟಿದ ಸ್ಕ್ರೂ ಕತ್ತರಿಸುವ ಲೇತ್ ಈಗಲೂ ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿನಲ್ಲಿದೆ. ಎಲ್ಲರೂ ಆ ಲೇತಿನ ಬಗ್ಗೆ ಬರೆಯುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಸಂಗತಿ: ಆತ ತನ್ನ ಕೆಲಸಗಾರರ ಬೆಂಚುಗಳ ಮೇಲೆ ಅತ್ಯಂತ ಸಪಾಟಾದ ಪ್ಲೇಟುಗಳನ್ನು ಇಡಿಸಿದ್ದ. ಮಾಡುತ್ತಿರುವ ಕೆಲಸವನ್ನು ಅದರ ಮೇಲೆ ಆಗಾಗ ಇಟ್ಟು ನೋಡಿಕೊಳ್ಳಬೇಕು, ಅಷ್ಟೆ.

ಆ ಪ್ಲೇಟುಗಳನ್ನು ಮಾಡಿದ ಬಗೆ ನೋಡಿ. ಎರಡು ಪ್ಲೇಟುಗಳನ್ನು ಒಂದಕ್ಕೊಂದು ಉಜ್ಜಿ ಹೊಂದಿಸಿದರೆ ಸಾಲದು. ಒರಳಿಗೂ ಗುಂಡಿಗೂ ಹೊಂದುತ್ತದೆ. ಹಾಗೆಂದು ಎರಡರಲ್ಲಿ ಒಂದೂ ಸಪಾಟಲ್ಲ. ಒಂದು ಪ್ಲೇಟು ತುಸು ಉಬ್ಬಿ, ಇನ್ನೊಂದು ಅಷ್ಟೇ ತಗ್ಗಿದ್ದರೂ ಅವು ಗಾಳಿಯಾಡದಂತೆ ಕೂರುತ್ತವೆ. ಮೂರನೆಯದು ಬಂದರೆ ಕಳ್ಳತನ ಬಯಲಾಗುತ್ತದೆ. ಉಬ್ಬಿದ ಒಂದನೆಯದಕ್ಕೆ ಎರಡನೆಯದನ್ನೂ ಮೂರನೆಯದನ್ನೂ ಹೊಂದಿಸಿದಿರಿ ಎನ್ನಿ, ಎರಡೂ ತಗ್ಗಾಗಿರುತ್ತವೆ. ಈಗ ಆ ಎರಡನ್ನು ಎದುರುಬದುರು ಇಟ್ಟರೆ ಅಂಚಿನಲ್ಲಿ ಮಾತ್ರ ತಾಗಿ ನಡುವೆ ಸಂದು ಬಿಡುತ್ತವೆ. ತಾಗಿದ ಕಡೆ ಕೆರೆದು, ಜೋಡಿ ಬದಲಿಸಿ, ನಡುನಡುವೆ ಪ್ಲೇಟನ್ನು ಕಾಲು ಸುತ್ತು ತಿರುಗಿಸಿ ಮತ್ತೆ ನೋಡಬೇಕು. ಯಾವ ಎರಡನ್ನು ಜೋಡಿಸಿದರೂ ಎಲ್ಲ ಕಡೆ ತಾಗುವ ಹೊತ್ತಿಗೆ ಮೂರೂ ಸಪಾಟಾಗಿರಲೇಬೇಕು, ಬೇರೆ ದಾರಿಯೇ ಇಲ್ಲ. ಹೊರಗಿನ ಯಾವ ಅಳತೆಗೋಲೂ ಬೇಕಾಗಲಿಲ್ಲ. ಇಷ್ಟು ಚೆಂದದ ಅಲ್ಗಾರಿದಮ್ಮನ್ನು ನನ್ನ ಕಸುಬಿನಲ್ಲಿ ನಾನು ಕಂಡದ್ದು ಕಡಿಮೆ.

ಇದರ ಶ್ರೇಯಸ್ಸು ಮಾಡ್ಸ್ಲಿಗೋ, ಆತನ ಬಳಿ ಕೆಲಸ ಮಾಡಿದ್ದ ಜೋಸೆಫ್ ವಿಟ್ವರ್ತ್‌ಗೋ ಎಂಬ ಜಗಳ ಹಳೆಯದು. ಜಗತ್ತಿಗೆ ತಿಳಿಸಿದವನಂತೂ ವಿಟ್ವರ್ತ್. 1840ರಲ್ಲಿ ಗ್ಲಾಸ್ಗೋದಲ್ಲಿ ಬ್ರಿಟಿಷ್ ಅಸೋಸಿಯೇಷನ್ ಸಭೆಯ ಮುಂದೆ ಈ ಬಗ್ಗೆ ಪ್ರಬಂಧ ಓದಿದ. ಅವನ ವಾದ ಒಂದೇ: ಎಮರಿ ಪುಡಿ ಹಾಕಿ ಉಜ್ಜುವುದನ್ನು ಬಿಡಿ, ಪುಡಿ ಒಂದೇ ಸಮ ನಿಲ್ಲುವುದಿಲ್ಲ, ಸ್ಕ್ರೇಪರ್ ಹಿಡಿದು ಕೆರೆಯಿರಿ. ಪ್ಲೇಟಿಗೆ ತೆಳುವಾಗಿ ಬಣ್ಣ ಸವರಿ ಇನ್ನೊಂದರ ಮೇಲೆ ಆಡಿಸಿದರೆ ಎತ್ತರದ ಜಾಗಗಳಿಗೆ ಮಾತ್ರ ಬಣ್ಣ ಹತ್ತುತ್ತದೆ. ಅಷ್ಟನ್ನು ಮಾತ್ರ ಕೆರೆಯುವುದು. ಒಂದು ಸಲಕ್ಕೆ ಹೋಗುವುದು ಕೆಲವೇ ಮೈಕ್ರಾನ್.

ಈ ವಿದ್ಯೆ ನಮ್ಮ ಕಡೆಗೂ ಬಂತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಕಬ್ಬಿಣದ ನೇಗಿಲು ಮಾಡಿದರು, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅವರ ಮನೆತನದ ಉದ್ಯಮವೇ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಆಗಿ ಲೇತ್ ತಯಾರಿಕೆಗೆ ಇಳಿಯಿತು. ಬೆಂಗಳೂರಿನ ಎಚ್ಚೆಮ್ಟಿ ಶುರುವಾದದ್ದು 1953ರಲ್ಲಿ. ಹರಿಹರ ಅದಕ್ಕಿಂತ ಹನ್ನೆರಡು ವರ್ಷ ಹಿರಿಯದು. ಆದರೂ ಬೆಂಗಳೂರಿನ ಕಥೆ ಹೇಳುವವರು ಸಾಕಷ್ಟಿದ್ದಾರೆ, ತುಂಗಭದ್ರೆಯ ದಡದ ಊರಿನ ಕಥೆ ಹೇಳುವವರು ಕಡಿಮೆ. ಈ ಶತಮಾನದ ಆರಂಭದಲ್ಲಿ ಆ ಕಾರ್ಖಾನೆ ಮುಚ್ಚಿಹೋಯಿತು. ಲೇತುಗಳು ಮಾತ್ರ ದೇಶದ ಸಣ್ಣಪುಟ್ಟ ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗುತ್ತಿವೆ. ನನ್ನದೂ ಅವುಗಳಲ್ಲೊಂದು. ಭೋಸರಿಯ ಹಳೆ ಯಂತ್ರಗಳ ವ್ಯಾಪಾರಿಯೊಬ್ಬರಿಂದ ಬಂದದ್ದು.

ಅದರ ಸ್ಯಾಡಲ್ ಬಿಚ್ಚಿದ ದಿನ ಬೆಡ್ಡಿನ ಚರಿತ್ರೆ ಪೂರ್ತಿ ಕಣ್ಣಿಗೆ ಬಿತ್ತು. ಲೇತಿನ ಹೆಚ್ಚಿನ ಕೆಲಸವೆಲ್ಲ ಚಕ್ಕಿನ ಹತ್ತಿರವೇ ನಡೆಯುವುದರಿಂದ ಸವೆತವೂ ಅಲ್ಲೇ ಹೆಚ್ಚು. ಆ ತುದಿಯಲ್ಲಿ ಮೈ ಕನ್ನಡಿಯಂತೆ ಮಿರಿಮಿರಿ ಹೊಳೆಯುತ್ತಿತ್ತು. ತಿಳಿಯದವರು ಚೆನ್ನಾಗಿದೆ ಎಂದುಕೊಳ್ಳುತ್ತಾರೆ; ಅದು ರೋಗದ ಲಕ್ಷಣ. ಟೇಲ್‌ಸ್ಟಾಕಿನ ಕಡೆಯ ತುದಿಯಲ್ಲಿ, ಸ್ಯಾಡಲ್ ಎಂದೂ ಹೋಗದ ಒಂದು ಗೇಣು ಜಾಗದಲ್ಲಿ, ಸ್ಕ್ರೇಪರಿನ ಗುರುತುಗಳು ಹಾಗೇ ಉಳಿದಿದ್ದವು. ಹರಿಹರದಲ್ಲಿ ಯಾರೋ ಒಬ್ಬರು ಎದೆಯ ಭಾರ ಕೊಟ್ಟು ಕೆರೆದ ಗುರುತು. ಅವು ಅಲಂಕಾರಕ್ಕಲ್ಲ. ಗುರುತಿನ ನಡುವಿನ ಸಣ್ಣ ತಗ್ಗುಗಳಲ್ಲಿ ಎಣ್ಣೆ ನಿಲ್ಲುತ್ತದೆ, ಸ್ಯಾಡಲ್ ಆ ಎಣ್ಣೆಯ ಮೇಲೆ ಜಾರುತ್ತದೆ. ತಗ್ಗು ಅಳಿಸಿಹೋಗಿ ಮೈ ಹೊಳೆಯತೊಡಗಿತೆಂದರೆ ಎಣ್ಣೆಗೆ ಜಾಗವಿಲ್ಲ ಎಂದರ್ಥ.

ಬೆಡ್ಡನ್ನು ತಿನ್ನುವುದು ಕಬ್ಬಿಣವಲ್ಲ, ಕೊಳೆ. ಬೀಡುಕಬ್ಬಿಣ ಕಡಿದಾಗ ಬೀಳುವ ಪುಡಿ, ಗ್ರೈಂಡಿಂಗ್ ಚಕ್ರದ ದೂಳು ಎಣ್ಣೆಗೆ ಸೇರಿದರೆ ಅದೇ ಎಮರಿ ಪೇಸ್ಟ್. ಗಾಳಿ ಹೊಡೆದು ಚಿಪ್ಸ್ ಹಾರಿಸುವ ಚಾಳಿ ಎಲ್ಲ ಕಡೆ ಇದೆ. ಅದು ಪುಡಿಯನ್ನು ಹೊರಹಾಕುವ ಬದಲು ಸ್ಯಾಡಲ್ ಅಡಿಗೆ ತಳ್ಳುತ್ತದೆ. ಬ್ರಷ್ಷಿನಿಂದ ಗುಡಿಸಿ, ಕಾಟನ್ ವೇಸ್ಟಿನಿಂದ ಒರೆಸಿ, ಸ್ಯಾಡಲ್ ತುದಿಯ ಫೆಲ್ಟ್ ಪಟ್ಟಿಗಳನ್ನು ಬಿಚ್ಚಿ ತೊಳೆದು, ಹೊಸ ಎಣ್ಣೆ ಬಿಡಬೇಕು. ಡಬ್ಲ್ಯೂಡಿ-40 ಸಿಂಪಡಿಸಿ ಮುಗಿಸುವವರೂ ಇದ್ದಾರೆ. 1953ರಲ್ಲಿ ಅಮೆರಿಕದಲ್ಲಿ ಅದನ್ನು ತಯಾರಿಸಿದ್ದು ನೀರನ್ನು ದೂರ ತಳ್ಳಿ ತುಕ್ಕು ತಡೆಯಲು. ಹೆಸರಿನಲ್ಲೇ ಅದಿದೆ, 40 ಅಂದರೆ ನಲವತ್ತನೆಯ ಪ್ರಯತ್ನ. ಜಾರುವ ಮೈಗೆ ಅದು ಸಾಲದು, ಅಲ್ಲಿಗೆ ಅಂಟಿ ನಿಲ್ಲುವ ಸ್ಲೈಡ್‌ವೇ ಎಣ್ಣೆಯೇ ಬೇಕು.

ಪುಣೆಯ ಮಳೆಗಾಲದಲ್ಲಿ ತುಕ್ಕಿನದೇ ಚಿಂತೆ. ರಾತ್ರಿ ತಣ್ಣಗಾದ ಕಬ್ಬಿಣ ಬೆಳಗ್ಗೆ ಬೇಗ ಬಿಸಿಯಾಗುವುದಿಲ್ಲ. ಹೊರಗಿನ ತೇವದ ಗಾಳಿ ಬಂದು ತಾಗಿದರೆ ಫ್ರಿಜ್ಜಿನಿಂದ ತೆಗೆದ ಬಾಟಲಿಯಂತೆ ಬೆವರುತ್ತದೆ. ಮೈಕ್ರೋಮೀಟರ್, ಗೇಜು ಇಡುವ ಪೆಟ್ಟಿಗೆಯಲ್ಲಿ ಕರ್ಪೂರ ಹಾಕಿಡುವುದು ಪಶ್ಚಿಮದ ಹಳೆಯ ಮಷಿನಿಸ್ಟರ ರೂಢಿ. ದೇವರ ಮನೆಯಿಂದ ನಾಲ್ಕು ಬಿಲ್ಲೆ ತಂದಿಟ್ಟಿದ್ದೇನೆ, ಕಿಡಿ ಹಾರುವ ಜಾಗದಿಂದ ದೂರದಲ್ಲಿ. ಆಯುಧಪೂಜೆಯನ್ನು ನಾನು ಬಿಡುವುದಿಲ್ಲ. ಭಕ್ತಿಯ ಮಾತು ಹಾಗಿರಲಿ, ವರ್ಷದಲ್ಲಿ ಒಂದು ದಿನವಾದರೂ ಎಲ್ಲ ವರ್ಕ್‌ಶಾಪುಗಳಲ್ಲಿ ಯಂತ್ರದ ಮೂಲೆಮೂಲೆಗೂ ಬಟ್ಟೆ ಹೋಗುತ್ತದೆ. ಕುಂಕುಮವನ್ನು ಮಾತ್ರ ಹೆಡ್‌ಸ್ಟಾಕಿನ ಮುಚ್ಚಳಕ್ಕೆ ಹಚ್ಚುತ್ತೇನೆ, ಬೆಡ್ಡಿಗಲ್ಲ.

ತಯಾರಿಸಿದವರು ಇಲ್ಲದ ಯಂತ್ರಕ್ಕೆ ಬಿಡಿಭಾಗ ಎಲ್ಲಿಂದ? ನನ್ನ ಲೇತಿನ ಲೀಡ್‌ಸ್ಕ್ರೂ ಇಂಚಿಗೆ ನಾಲ್ಕು ಎಳೆಯದು, ಬೋಲ್ಟುಗಳು ವಿಟ್ವರ್ತ್ ಎಳೆಯವು. ಹೌದು, ಅದೇ ವಿಟ್ವರ್ತ್. 1841ರಲ್ಲಿ ಬೇರೆಬೇರೆ ಕಾರ್ಖಾನೆಗಳ ಬೋಲ್ಟುಗಳನ್ನು ಕಲೆಹಾಕಿ, ಸರಾಸರಿ ತೆಗೆದು, 55 ಡಿಗ್ರಿ ಕೋನದ ಎಳೆಯನ್ನು ಎಲ್ಲರಿಗೂ ಒಂದೇ ಎಂದು ಸೂಚಿಸಿದವನು. 1956ರ ಕಾಯ್ದೆಯ ಮೇಲೆ ಭಾರತ ಮೆಟ್ರಿಕ್‌ಗೆ ತಿರುಗಿತು, ಇಂತಹ ಲೇತುಗಳು ಇಂಚಿನಲ್ಲೇ ಉಳಿದವು. ಇವುಗಳಲ್ಲಿ ಮಿಲಿಮೀಟರ್ ಎಳೆಯನ್ನು ಕರಾರುವಾಕ್ಕಾಗಿ ಕತ್ತರಿಸಲು 127 ಹಲ್ಲಿನ ಗೇರ್ ಬೇಕು. ಇಂಚಿಗೆ 25.4 ಮಿಲಿಮೀಟರ್, ಐದರಿಂದ ಗುಣಿಸಿದರೆ 127, ಅದು ಅವಿಭಾಜ್ಯ ಸಂಖ್ಯೆ, ಚಿಕ್ಕ ಗೇರಿಗೆ ಇಳಿಸುವಂತಿಲ್ಲ. ಲೇತಿನ ಜೊತೆ ಆ ಗೇರ್ ಬಂದಿತ್ತು. ಅದನ್ನು ಮನೆಯ ಬೀರುವಿನಲ್ಲಿ ಇಟ್ಟಿದ್ದೇನೆ, ಶೆಡ್ಡಿನಲ್ಲಲ್ಲ.

ಗೇರನ್ನಾದರೂ ದುಡ್ಡು ಕೊಟ್ಟು ಮಾಡಿಸಬಹುದು, ಸ್ಕ್ರೇಪಿಂಗ್ ಬಲ್ಲ ಕೈಯನ್ನು ಹುಡುಕಬೇಕು. ಎಡ್ವರ್ಡ್ ಕಾನೆಲಿ 1955ರಲ್ಲಿ ಇದರ ಬಗ್ಗೆ ದಪ್ಪನೆಯ ಪುಸ್ತಕವನ್ನೇ ಬರೆದ, ಓದಿದ್ದೇನೆ. ಓದಿದರೆ ಮೊಣಕೈಗೆ ಬರುವುದಿಲ್ಲ. ನನಗೆ ಸಿಕ್ಕ ಮೇಸ್ತ್ರಿಗೆ ಎಪ್ಪತ್ತು ದಾಟಿದೆ. ಮಗ ಸಿಎನ್‌ಸಿ ನಡೆಸುತ್ತಾನೆ, ಸ್ಕ್ರೇಪರ್ ಮುಟ್ಟುವುದಿಲ್ಲ. ಹಾಗೆಂದು ದೂರುವುದು ಸರಿಯಲ್ಲ, ದಿನವೆಲ್ಲ ಕೆರೆದರೂ ಈ ಕೆಲಸಕ್ಕೆ ಸಿಗುವ ಕೂಲಿ ಏನೆಂದು ನಾನೇ ಕೊಟ್ಟು ಬಲ್ಲೆ. ಸಾಫ್ಟ್‌ವೇರಿನಲ್ಲೂ ಮೇಂಟೆನೆನ್ಸ್ ಪ್ರಾಜೆಕ್ಟ್ ಎಂದರೆ ಹುಡುಗರು ಮುಖ ಸಿಂಡರಿಸುತ್ತಾರೆ. ಶನಿವಾರ ಅವರು ಬಂದಾಗ ಬ್ಲೂ ಸವರುವ ಕೆಲಸ ನನ್ನದು. ಮೊದಮೊದಲು ನಾನು ಕೆರೆದ ಜಾಗವನ್ನು ಅವರು ಮಾತಿಲ್ಲದೆ ಮತ್ತೆ ಕೆರೆಯುತ್ತಿದ್ದರು. ಈಗ ಒಂದು ಗೇಣನ್ನು ನನಗೇ ಬಿಟ್ಟಿದ್ದಾರೆ. ಟೇಲ್‌ಸ್ಟಾಕ್ ತುದಿಯ ಹಳೆಯ ಗುರುತುಗಳನ್ನು ಮುಟ್ಟದೆ ಅದನ್ನೇ ಆಧಾರವಾಗಿ ಹಿಡಿದು ಮುಂದೆ ಬರುತ್ತಿದ್ದೇವೆ. ಮುಂದಿನ ವೀ ಮುಗಿದಿದೆ. ಹಿಂದಿನದನ್ನು ಮಳೆ ನಿಂತ ಮೇಲೆ ನೋಡೋಣ, ಸಾಹೇಬ್, ಎಂದಿದ್ದಾರೆ.