ಕಿವಿ ಮುಚ್ಚಿ ಹಾಡು ಕೇಳಿ

ಗ್ಲಾಸ್ಗೋದ ಕಿವಿವೈದ್ಯ ಥಾಮಸ್ ಬಾರ್ 1886ರಲ್ಲಿ ನೂರು ಮಂದಿ ಬಾಯ್ಲರ್ ಕಾರ್ಮಿಕರನ್ನು ಪರೀಕ್ಷಿಸಿದರು. ಇವರಲ್ಲಿ ಕೆಲವರು ಬಾಯ್ಲರಿನೊಳಗೇ ಕೂತು ರಿವೆಟ್ ಹಿಡಿಯೋರು, ಹೊರಗಿನಿಂದ ಸುತ್ತಿಗೆ ಏಟು. ನೂರರಲ್ಲಿ ಒಬ್ಬನ ಕಿವಿಯೂ ನೆಟ್ಟಗಿರಲಿಲ್ಲ!

ಮುಂದೆ, 1940ರ ಜೂನ್‌ನಲ್ಲಿ, ಯುದ್ಧಕ್ಕೆ ದುಡಿಯುತ್ತಿದ್ದ ಬ್ರಿಟನ್ನಿನ ಕಾರ್ಖಾನೆಗಳಿಗಾಗಿ ಬಿಬಿಸಿ ‘ಮ್ಯೂಸಿಕ್ ವೈಲ್ ಯು ವರ್ಕ್’ ಶುರುಮಾಡಿತು. ದಿನಕ್ಕೆರಡು ಸಲ, ಅರ್ಧರ್ಧ ಗಂಟೆ, ಧ್ವನಿವರ್ಧಕದಲ್ಲಿ ಸಂಗೀತ. ದುಡಿಯೋರ ಬೇಸರವೇನೋ ಕಳೀತು. ಆದ್ರೆ ಯಂತ್ರದ ಸದ್ದನ್ನು ಮೀರಿ ಕೇಳಿಸಬೇಕಲ್ಲ? ಗದ್ದಲದ ಮೇಲೆ ಇನ್ನೊಂದು ಸದ್ದು ಸೇರಿತು ಅಷ್ಟೆ. ಕಿವಿಗೆ ರಕ್ಷಣೆ ಸಿಗಲಿಲ್ಲ.

ಆಮೇಲೆ ಬಂದ ರೇಡಿಯೋ ಇಯರ್‌ಮಫ್ ಈ ಲೆಕ್ಕವನ್ನೇ ತಲೆಕೆಳಗು ಮಾಡಿತು. ಮೊದಲು ಗದ್ದಲವನ್ನು ಹೊರಗಿಡು, ಆಮೇಲೆ ಮೆಲ್ಲಗೆ ಹಾಡು. ಎಂಟು ಗಂಟೆ ದುಡಿಮೆಗೆ 85 ಡೆಸಿಬೆಲ್ ಗಡಿ ಅಂತಾರೆ. ಇಂಥ ಎಷ್ಟೋ ಇಯರ್‌ಮಫ್‌ಗಳಲ್ಲಿ ಹಾಡಿನ ಸದ್ದು 82 ದಾಟದಂತೆ ಕಟ್ಟಿಹಾಕಿರ್ತಾರೆ.

ಕಿವಿ ಉಳಿಯೋದು ಇಯರ್‌ಮಫ್ ಗೂಟದಲ್ಲಿ ನೇತಾಡದೆ ತಲೆ ಮೇಲಿದ್ದರೆ ಮಾತ್ರ. ಬರೀ ಬುದ್ಧಿಮಾತು ಹೇಳಿದ್ರೆ ಹಾಕಿಕೊಳ್ಳದವನು ಹಾಡಿನಾಸೆಗಾದ್ರೂ ಹಾಕ್ಕೊಂಡಿರ್ತಾನೆ. ಆ ನೂರು ಮಂದಿಗೆ ಇದ್ಯಾವುದೂ ಸಿಗಲಿಲ್ಲ.